ಸೀಟಿ ಹೊಡೆಯದ ಕುಕ್ಕರು

ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಧಾರವಾಡದ ಬಸ್ ಸ್ಟ್ಯಾಂಡಿನಲ್ಲಿ, ಬೆಳಗಾವಿಯ ಹಳೆಯ ಪರಿಚಯದವರೊಬ್ಬರಿಂದ. ಅಷ್ಟರಲ್ಲಿ ಮಣ್ಣಾಗಿ ಎಷ್ಟೋ ದಿನ ಕಳೆದಿತ್ತು. ಆದರೂ ಹೋದೆ. ಎಪ್ಪತ್ತರ ದಶಕದ ನಡುವಿನಲ್ಲಿ, ಕಾಲೇಜಿನಲ್ಲಿ ಇತಿಹಾಸ ಕಲಿಸುವ ಹೊಸ ಕೆಲಸ ಹಿಡಿದು ಬೆಳಗಾವಿಗೆ ಬಂದಾಗ ನಾನು ಬಾಡಿಗೆಗಿದ್ದದ್ದು ಅವರ ವಾಡೆಯ ಮುಂದಿನ ಖೋಲಿಯಲ್ಲಿ. ಅವರು ಆ ಮನೆಯ ಹಿರಿಯ ಸೊಸೆ. ಮದುವೆಯಾದ ಸ್ವಲ್ಪ ಕಾಲಕ್ಕೇ ಗಂಡನನ್ನು ಕಳೆದುಕೊಂಡಿದ್ದರು, ಮಕ್ಕಳಿರಲಿಲ್ಲ. ಮೈದುನಂದಿರು ಕರೆಯುವ ಹಾಗೆಯೇ ನಾನೂ ಅವರನ್ನು ವೈನಿ ಎನ್ನುತ್ತಿದ್ದೆ.

ವಾಡೆಯ ಪಡಸಾಲೆಯಲ್ಲಿ ಕುಳ್ಳಿರಿಸಿ ಚಹಾ ಕೊಟ್ಟವನು ಅವರ ಮೈದುನನ ಮಗ. ನಾನಿದ್ದ ಕಾಲಕ್ಕೆ ತೊಟ್ಟಿಲ ಕೂಸು, ಈಗ ಮೀಸೆ ಚಿಗುರುವ ವಯಸ್ಸು.

"ದೊಡ್ಡವ್ವ ಬಂಗಾರದಂಥಾಕಿರಿ ಸರ," ಎಂದ. "ಇಡೀ ಜಲಮ ಒಲಿ ಮುಂದ ಕಳದ್ಲು. ಕುಕ್ಕರಂದ್ರ ಭಾಳ ಅಂಜತಿದ್ಲು ನೋಡ್ರಿ. ಅದಕ್ಕ ನಮ್ಮನ್ಯಾಗ ಇವತ್ತಿಗೂ ಕುಕ್ಕರಿಲ್ಲ."

ನಾನು ಚಹಾದ ಬಸಿಯನ್ನು ಕೆಳಗಿಟ್ಟೆ. "ಅವರು ಖಾನಾಪುರದ ಸಾಲ್ಯಾಗ ಅಕ್ಕೋರಾಗಿ ಕಲಸತಿದ್ರಲ್ಲಪಾ?"

"ಯಾರು, ನಮ್ಮ ದೊಡ್ಡವ್ವನ? ಇಲ್ಲ ಬಿಡ್ರಿ. ಮತ್ಯಾರನ್ನೋ ನೆನಸಾಕತ್ತೀರಿ ನೀವು."

ಒಳಗಿನಿಂದ ಅವನ ತಾಯಿ, ಆ ಮನೆಯ ಕಿರಿಯ ಸೊಸೆ, ಏನೋ ಹೇಳಲು ಬಾಗಿಲಿಗೆ ಬಂದವರು ನನ್ನ ಮುಖ ನೋಡಿ ಒಳಗೇ ಹೋದರು. ಹೋದರೆಂದು ನನ್ನ ನೆನಪು. ಬಹುಶಃ ಅವರು ಬಂದದ್ದು ಖಾಲಿ ಬಸಿ ಒಯ್ಯಲಿಕ್ಕೇ ಇರಬಹುದು.

ವಿಶ್ವವಿದ್ಯಾಲಯದಲ್ಲಿ ನನಗೆ ಕಲಿಸಿದ್ದು ಇದನ್ನೇ: ಹತ್ತು ಜನ ಒಂದು ಮಾತು ಹೇಳಿ ನೀನೊಬ್ಬನೇ ಬೇರೆ ಹೇಳುವಾಗ ಮೊದಲು ನಿನ್ನನ್ನು ಅನುಮಾನಿಸು. ಅಂದಿನಿಂದ ಅನುಮಾನಿಸುತ್ತಲೇ ಇದ್ದೇನೆ. ಅವರ ಮುಖ ಕೂಡ ಈಗ ಸರಿಯಾಗಿ ಕಣ್ಣಿಗೆ ಕಟ್ಟುವುದಿಲ್ಲ. ಹಣೆ ಅಗಲವಿತ್ತೇ, ಮೂಗುತಿ ಇತ್ತೇ, ಹೇಳಲಾರೆ. ಮುಂಗೈಗಳು ಮಾತ್ರ ನೆನಪಿವೆ. ಮೊಣಕೈಯವರೆಗೆ ಹಿಟ್ಟು ಹತ್ತಿದ, ಯಾವಾಗಲೂ ಮುಂದಿನ ಕೆಲಸದ ಕಡೆಗೆ ಆಗಲೇ ಹೊರಟುಬಿಟ್ಟ ಮುಂಗೈಗಳು. ಇದನ್ನೆಲ್ಲ ನಾನು ಬರೆದಿಡದೆ ಹೋದರೆ ಅವರು ಕುಕ್ಕರಿಗೆ ಹೆದರಿದ ಹೆಂಗಸಾಗಿಯೇ ಉಳಿದುಬಿಡುತ್ತಾರೆ ಎನ್ನುವ ಸಂಕಟಕ್ಕೆ ಬರೆಯುತ್ತಿದ್ದೇನೆ. ತಪ್ಪಿದ್ದರೆ ತಪ್ಪು ನನ್ನ ನೆನಪಿನದು.

ವೈನಿಯ ತವರು ಹಲಸಿಯ ಕಡೆ. ಮದುವೆಗೆ ಮುಂಚೆಯೇ ಶಿಕ್ಷಕಿಯ ತರಬೇತಿ ಮುಗಿಸಿದ್ದರು. ಗಂಡ ಹೋದ ಮೇಲೆ ಖಾನಾಪುರದ ಶಾಲೆಯೊಂದರಲ್ಲಿ ಹಂಗಾಮಿ ಜಾಗ ಸಿಕ್ಕಿತ್ತು. ಒಂದು ವರ್ಷ ತಪ್ಪದೆ, ಹೊತ್ತಿಗೆ ಸರಿಯಾಗಿ ಬಂದರೆ ಕಾಯಂ ಮಾಡುವುದಾಗಿ ಅಲ್ಲಿಯ ಹಿರಿಯ ಅಕ್ಕೋರು ಬಾಯಿಮಾತು ಕೊಟ್ಟಿದ್ದರು. ವಾಡೆಯಲ್ಲಿ ಯಾರೂ ಬೇಡ ಎನ್ನಲಿಲ್ಲ. ಅತ್ತೆ, ನಾವೆಲ್ಲ ಆಯಿ ಎನ್ನುತ್ತಿದ್ದವರು, ಒಂದೇ ಒಂದು ಮಾತು ಹೇಳಿದ್ದರು: "ಮನಿ ಮಂದಿ ಹೊಟ್ಟಿಗೆ ಮಾಡಿಟ್ಟು ಎಲ್ಲಿಗ್ಯಾರ ಹೋಗವಾ. ನಾ ಅಡ್ಡ ಬರಂಗಿಲ್ಲ." ಉಳಿದಿಬ್ಬರು ಸೊಸೆಯಂದಿರಿಗೆ ಸಣ್ಣ ಮಕ್ಕಳಿದ್ದವು. ಆದ್ದರಿಂದ ಬೆಳಗಿನ ಅಡುಗೆ ವೈನಿಯ ಪಾಲು. ಮನೆ ತುಂಬ ಜನ. ಎರಡು ಒಲೆ, ಬಾವಿಯ ಗಡಸು ನೀರು, ಎಷ್ಟು ಕುದಿಸಿದರೂ ಕರಗದ ತೊಗರಿಬೇಳೆ, ಬುಟ್ಟಿ ತುಂಬ ಜೋಳದ ಭಕ್ಕರಿ. ಅದೆಲ್ಲ ಮುಗಿಸಿ ಅವರು ಖಾನಾಪುರದ ರೈಲು ಹಿಡಿಯಬೇಕಿತ್ತು.

ಮೊದಲ ತಿಂಗಳುಗಳಲ್ಲಿ ಅವರು ಓಡುತ್ತಿದ್ದರು. ಅಲಂಕಾರಕ್ಕೆ ಹೇಳುತ್ತಿಲ್ಲ, ಬೀದಿಯಲ್ಲಿ, ಸೀರೆಯ ನಿರಿಗೆ ಎತ್ತಿ ಹಿಡಿದು, ಸ್ಟೇಷನ್ನಿನ ಕಡೆಗೆ ಓಡುತ್ತಿದ್ದರು. ಹೋಟೆಲ್ ಮುಂದೆ ಕೂತವರು ನಗುತ್ತಿದ್ದರು. ಎರಡು ಸಲ ರೈಲು ತಪ್ಪಿತು. ಹಿರಿಯ ಅಕ್ಕೋರು ಏನೂ ಬೈಯಲಿಲ್ಲವಂತೆ, ಗೋಡೆಯ ಗಡಿಯಾರ ನೋಡಿದರಂತೆ ಅಷ್ಟೇ. ಆ ವಾರವೇ ವೈನಿ ನನ್ನ ಖೋಲಿಯ ಬಾಗಿಲಿಗೆ ಬಂದು, "ಮಾಸ್ತರ, ಐತವಾರ ಬಿಡುವೈತೇನ್ರಿ? ಕುಕ್ಕರ ತಗೊಳ್ಳೂದೈತಿ. ಅದರ ಸಂಗಾಟ ಇಂಗ್ಲಿಷಿನ್ಯಾಗ ಒಂದ ಪುಸ್ತಕ ಇರತೈತಂತ, ಓದಿ ಹೇಳಾಕ ಬರ್ರಿ," ಎಂದರು.

ಖಡೇಬಜಾರದ ಪಾತ್ರೆ ಅಂಗಡಿಯಲ್ಲಿ ನಾನು ಪುಸ್ತಕ ಬಿಡಿಸುವ ಮೊದಲೇ ಅವರು ಆಯ್ಕೆ ಶುರು ಮಾಡಿಯಾಗಿತ್ತು. ಒಳಗೆ ಬೇಳೆ ಇಡಲೆಂದು ಮನೆಯಿಂದ ತಮ್ಮ ಅತಿ ದೊಡ್ಡ ಡಬ್ಬಿಯನ್ನು ಚೀಲದಲ್ಲಿ ತಂದಿದ್ದರು. ಮುಚ್ಚಳ ಒಳಗಿನಿಂದ ಕೂರುವ ಕುಕ್ಕರಿನ ಬಾಯಿ ಕಿರಿದು, ಡಬ್ಬಿ ಇಳಿಯಲಿಲ್ಲ. ಅದನ್ನು ಬದಿಗೆ ಸರಿಸಿದರು. ಮುಚ್ಚಳ ಮೇಲಿನಿಂದ ಕೂತು ತಿರುಗಿ ಬಿಗಿಯಾಗುವ ಜಾತಿಯದು, ಎಲ್ಲಕ್ಕೂ ದೊಡ್ಡದು, ಅದರಲ್ಲಿ ಡಬ್ಬಿ ಇಳಿಯಿತು. ಆಮೇಲೆ ತೋಳೇರಿಸಿ ಕೈಯನ್ನು ತಳದವರೆಗೆ ಬಿಟ್ಟು, ಬೆರಳುಗಳನ್ನು ಸುತ್ತಲೂ ಆಡಿಸಿದರು. ತಿಕ್ಕಲು ಬರುತ್ತದೆಯೋ ಇಲ್ಲವೋ ಎಂದು ನೋಡುವ ಕ್ರಮ ಅದು. ತಳ ಸಪಾಟಾಗಿದೆಯೇ ಎಂದು ಕಟ್ಟೆಯ ಮೇಲೆ ಇಟ್ಟು ಅಲುಗಾಡಿಸಿ ನೋಡಿದರು. ಕೊನೆಗೆ ಅಂಗಡಿಯವನಿಗೆ, "ಇದರ ತುಂಬ ನೀರ ಹಾಕ್ರಿ," ಎಂದರು.

"ನೀರ್ ಕಶಾಲಾ ವೈನಿ, ನೀರ್ಯಾಕ? ಸೋರಂಗಿಲ್ಲ, ಹೊಸಾದೈತಿ," ಎಂದ ಮರಾಠಿ ಮನೆಮಾತಿನ ಆ ಅಂಗಡಿಯವನು.

"ಸೋರತೈತಿ ಅಂತಲ್ಲರಿ. ಒಲಿ ಮ್ಯಾಲಿಂದ ನಾ ಒಬ್ಬಾಕೇನ ಇಳಸಬೇಕು. ಎತ್ತಾಕ ಆಕ್ಕೈತೋ ಇಲ್ಲೋ ನೋಡತೀನಿ."

ನೀರು ತುಂಬಿದ ಕುಕ್ಕರನ್ನು ಎರಡೂ ಹಿಡಿ ಹಿಡಿದು ಎತ್ತಿ, ಅಂಗಡಿಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ನಡೆದರು.

"ಏನ್ ವೈನಿ, ಲಗ್ನದ ಪಂಗತಿಗೆ ಹಚ್ಚತೀರೇನು?"

"ನಮ್ಮ ಮನ್ಯಾಗ ದಿನಾ ಪಂಗತಿನ ಐತ್ರಿ. ವರ ಒಬ್ಬ ಇಲ್ಲ."

ಅಂಗಡಿಯವನ ನಗು ನಡುವೆಯೇ ನಿಂತಿತು. ಅವರು ಕೆಳಗಿಟ್ಟು ಉಸಿರು ತೆಗೆದುಕೊಂಡು ಕೇಳಿದರು: "ಸೀಟಿ ಹೊಡೀಲಾರದ್ದು ಐತೇನ್ರಿ?"

"ಸೀಟಿ ಹೊಡೀಲಿಲ್ಲಂದ್ರ ಅದು ಕುಕ್ಕರ ಹ್ಯಾಂಗಾತ್ರಿ? ಬೋಗಾಣಿ ಆತು."

ಆ ಪ್ರಶ್ನೆಯ ಅರ್ಥ ನನಗೆ ತಿಳಿದದ್ದು ಮರುದಿನ ಬೆಳಿಗ್ಗೆ. ವೈನಿಯ ಮಾವನವರು, ಊರಿಗೆಲ್ಲ ಸಾವಕಾರರು, ಧಾನ್ಯದ ವ್ಯಾಪಾರಿಗಳು. ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆಗೆ ಕೂತರೆಂದರೆ ವಾಡೆಯಲ್ಲಿ ಮಕ್ಕಳೂ ಅಳಬಾರದು. ಅವರ ಪೂಜೆಯ ಹೊತ್ತೂ ವೈನಿಯ ಅಡುಗೆಯ ಹೊತ್ತೂ ಒಂದೇ. ಮೊದಲ ದಿನ ಕುಕ್ಕರು ಕೂಗಿತು. ಪೂಜೆ ಮುಗಿಸಿ ಬಂದ ಸಾವಕಾರರು ಅಡುಗೆಮನೆಯ ಹೊಸ್ತಿಲ ಹೊರಗೆ ನಿಂತು, "ಇದೇನ ಮನಿಯೋ, ಲೋಂಡಾ ಜಂಕ್ಷನ್ನೋ?" ಎಂದರು. ಅಷ್ಟು ಸಾಕಿತ್ತು.

ಆಮೇಲೆ ವೈನಿ ಕಂಡುಕೊಂಡ ಕ್ರಮವನ್ನು ನಾನು ಬಾವಿಯ ಕಡೆ ಹೋಗುವಾಗ ಬರುವಾಗ ಅಡುಗೆಮನೆಯ ಬಾಗಿಲಿನಿಂದ ಎಷ್ಟೋ ಬೆಳಗು ನೋಡಿದ್ದೇನೆ. ಕೆಳಗೆ ಬೇಳೆ, ನಡುವೆ ಅಕ್ಕಿ, ಮೇಲೆ ನೆನೆಸಿದ ಮಡಕಿ ಕಾಳು. ತಳಕ್ಕೆ ಮಸಿ ಹತ್ತಬಾರದೆಂದು ಹೊರಗೆ ತೆಳ್ಳಗೆ ಮಣ್ಣು ಸವರಿ, ದೊಡ್ಡ ಒಲೆಯ ಮೇಲೆ ಏರಿಸುವುದು. ಭಕ್ಕರಿಗೆ ಕೂತ ಮೇಲೆ ಕೈ ಬಿಡುವಾಗುವುದಿಲ್ಲವೆಂದು ಸೀಟಿಯನ್ನು ಮೊದಲೇ ಇಟ್ಟುಬಿಡುವುದು. ಉಗಿ ಬಂದ ಮೇಲೆ ಇಡಬೇಕೆಂದು ಪುಸ್ತಕದಲ್ಲಿತ್ತು, ಓದಿ ಹೇಳಿದ್ದೆ. "ಪುಸ್ತಕ ಬರದಾವ ಭಕ್ಕರಿ ಬಡದಿಲ್ಲ ಬಿಡ್ರಿ," ಎಂದಿದ್ದರು. ಸೀಟಿ ಸಣ್ಣಗೆ ನಡುಗಿ ಸುಸ್ಸೆನ್ನತೊಡಗಿದ ಕ್ಷಣ, ಅದು ಬಾಯಿಬಿಡುವ ಮೊದಲು, ಸೆರಗು ಬಿಗಿದು, ಎರಡು ಅರಿವೆ ಹಿಡಿದು, ಆ ಭಾರವನ್ನು ಎತ್ತಿ ಪಕ್ಕದ ಬತ್ತಿ ಸ್ಟೋವಿನ ಸಣ್ಣ ಉರಿಗೆ ವರ್ಗಾಯಿಸುವುದು. ಅಲ್ಲಿ ಅದು ಕೂಗದೆ, ಒಳಗೊಳಗೇ ಬೇಯುತ್ತಿತ್ತು. ಸಾವಕಾರರು ಲಿಂಗವನ್ನು ಕರಡಿಗೆಯಲ್ಲಿಟ್ಟು ಕೊರಳಿಗೆ ಕಟ್ಟಿಕೊಳ್ಳುವಷ್ಟರಲ್ಲಿ ಅಡುಗೆ ಮುಗಿದು, ವೈನಿ ಬೀದಿಯ ತಿರುವಿನಲ್ಲಿರುತ್ತಿದ್ದರು. ಈಗ ಓಟವಿಲ್ಲ, ಬಿರುಸಿನ ನಡಿಗೆ. ರೈಲು ತಪ್ಪುವುದು ನಿಂತಿತು.

ಒಮ್ಮೆ ಹಲಸಿಯ ಕದಂಬರ ಗುಡಿಗಳನ್ನು ನೋಡಲು ನಾನೂ ಅದೇ ರೈಲು ಹತ್ತಿದ್ದೆ. ಕಿಟಕಿಯ ಪಕ್ಕ ನಿಂತೇ ಅವರು ಡಬ್ಬಿ ಬಿಚ್ಚಿ ಉಣ್ಣತೊಡಗಿದರು. "ನಾ ಮಾಡಿದ್ದು ಬಿಸಿ ಇದ್ದಾಗ ಹ್ಯಾಂಗಿರತೈತಿ ಅನ್ನೂದು ನನಗ ಗೊತ್ತಿಲ್ರಿ ಮಾಸ್ತರ. ಆಯಿ ಅಂತಾರ, ಚಲೋ ಇರತೈತಿ ಅಂತ." ಖಾನಾಪುರದಲ್ಲಿ ಹಲಸಿಯ ಬಸ್ಸಿಗೆ ಇನ್ನೂ ಹೊತ್ತಿತ್ತು, ಶಾಲೆಯವರೆಗೆ ಜೊತೆಗೆ ನಡೆದೆ. ಕಿಟಕಿಯಿಂದ ನೋಡಿದೆ. ಮನೆಯಲ್ಲಿ ಮರಾಠಿ ಆಡುವ ಹುಡುಗಿಯೊಬ್ಬಳು ಕನ್ನಡದ ಒಂದು ಪದದ ನಡುವೆ ಸಿಕ್ಕಿಕೊಂಡಿದ್ದಳು. ವೈನಿ ಕೈಕಟ್ಟಿ ನಿಂತಿದ್ದರು. ಪದ ಹೇಳಿಕೊಡಲಿಲ್ಲ, ಇನ್ನೊಬ್ಬಳನ್ನು ಕೇಳಲಿಲ್ಲ. ಆ ಹುಡುಗಿ ಉಗುಳು ನುಂಗಿ, ಮೇಲೆ ನೋಡಿ, ಕೆಳಗೆ ನೋಡಿ, ಪದ ಮುಗಿಸುವ ತನಕ ಇಡೀ ತರಗತಿ ಅವರೊಡನೆ ಕಾಯಿತು. ಇಷ್ಟು ಸಾವಕಾಶದ ಹೆಂಗಸನ್ನು ನಾನು ವಾಡೆಯಲ್ಲಿ ಕಂಡೇ ಇರಲಿಲ್ಲ. ಆ ನೌಕರಿ ಅವರಿಗೆ ಏನಾಗಿತ್ತು ಎನ್ನುವುದು ನನಗೆ ಆಗ ಅರ್ಥವಾಯಿತು.

ಆಯಿ ಮೊದಲು ಕುಕ್ಕರಿನ ಅನ್ನ ಮುಟ್ಟಿರಲಿಲ್ಲ. "ಉಸರ ಕಟ್ಟಿಸಿ ಬೇಯಿಸಿದ್ದು ಮೈಗೆ ಹ್ಯಾಂಗ ಹತ್ತತೈತಿ?" ಎನ್ನುತ್ತಿದ್ದರು. ಅವರಿಗೆ ಹಲ್ಲಿರಲಿಲ್ಲ. ಒಂದು ದಿನ ಮಡಕಿ ಕಾಳಿನ ಪಲ್ಯ ಬಾಯಲ್ಲಿ ಕರಗಿದ್ದು ಕಂಡು, ಎಷ್ಟೋ ವರ್ಷದ ಮೇಲೆ ಎರಡನೆಯ ಸಲ ಹಾಕಿಸಿಕೊಂಡರು. ಮುಂದೆ ಶ್ರಾವಣ ಬಂತು. ಶ್ರಾವಣವೆಂದೇ ನನ್ನ ನೆನಪು, ಮಳೆಯಂತೂ ಖಂಡಿತ ಇತ್ತು. ಪ್ರತಿ ಸೋಮವಾರ ಸಂಜೆ ಅವರು ಒಲೆ, ಬೀಸುವ ಕಲ್ಲು, ನೀರಿನ ಕೊಡ ಎಲ್ಲಕ್ಕೂ ವಿಭೂತಿ ಹಚ್ಚುವ ರೂಢಿ. ಆ ಸೋಮವಾರ ಗೋಡೆಯ ಮಾಡದ ಕೆಳಗೆ ಒಣಗಲಿಟ್ಟ ಕುಕ್ಕರಿನ ಮುಚ್ಚಳದ ಮುಂದೆಯೂ ನಿಂತು, "ಇದೂ ಮನೀದಾತು ಈಗ. ಇದಕ್ಯಾಕ ಭೇದ?" ಎಂದು, ಒದ್ದೆ ವಿಭೂತಿಯಲ್ಲಿ ಮೂರು ಬೆರಳು ಅದ್ದಿ, ಮುಚ್ಚಳದ ಮೇಲೆ ಈ ತುದಿಯಿಂದ ಆ ತುದಿಗೆ ದಪ್ಪವಾಗಿ ಎಳೆದರು. ವೈನಿ ಶಾಲೆಯಿಂದ ಬಂದು ಅದನ್ನು ನೋಡಿ ನನ್ನ ಖೋಲಿಯವರೆಗೆ ಬಂದಿದ್ದರು, ಹೇಳಲಿಕ್ಕೆ. "ಆಯಿ ಕುಕ್ಕರಿಗೆ ವಿಭೂತಿ ಹಚ್ಯಾರ್ರಿ ಮಾಸ್ತರ! ಇನ್ನ ಯಾರೂ ಏನೂ ಅನ್ನಂಗಿಲ್ಲ." ಅವರ ದನಿಯಲ್ಲಿ ಅಷ್ಟು ನಿರಾಳ ನಾನು ಮೊದಲು ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಕಟ್ಟಿಗೆ ಹಸಿಯಾಗಿತ್ತು. ಮುಚ್ಚಳದ ಗೀರುಗಳನ್ನು ಒರೆಸಲು ಅವರಿಗೆ ಮನಸ್ಸಾಗಲಿಲ್ಲ. ಹಾಗೆಯೇ ಮುಚ್ಚಿ, ಸೀಟಿ ಇಟ್ಟು, ಒಲೆಗೆ ಏರಿಸಿ ಭಕ್ಕರಿಗೆ ಕೂತರು. ಎಷ್ಟು ಹೊತ್ತಾದರೂ ಸುಸ್ಸೆನ್ನುವ ಸದ್ದಿಲ್ಲ. ಉರಿ ಸಾಲದೆಂದು ಇನ್ನಷ್ಟು ಕಟ್ಟಿಗೆ ನೂಕಿದರು. ಮತ್ತೆ ಸದ್ದಿಲ್ಲ. ಒಣಗಿದ ಕುಳ್ಳು ತಂದು ಒಟ್ಟಿದರು. ಸಾವಕಾರರು ಪೂಜೆಗೆ ಕೂತಿದ್ದರು, ವಾಡೆ ಗಪ್ಪಾಗಿತ್ತು. ಆ ಅಡುಗೆಮನೆಯಲ್ಲಿ ಕುಕ್ಕರು ಸುಮ್ಮನಿರುವುದೇ ನಿಯಮವಾದ್ದರಿಂದ ಅದರ ಮೌನಕ್ಕೆ ಬೇರೆ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ನಾನು ಖೋಲಿಯಲ್ಲಿ ಗಡ್ಡ ಮಾಡಿಕೊಳ್ಳುತ್ತಿದ್ದೆ. ಸಿಡಿದ ಸದ್ದಿಗೆ ಕನ್ನಡಿ ಕೈಯಿಂದ ಬಿತ್ತು. ಓಡಿ ಹೋಗಿ ನೋಡಿದರೆ ಅಡುಗೆಮನೆ ತುಂಬ ಉಗಿ. ತೊಲೆಗಳಿಂದ ಬೇಳೆಯ ನೊರೆ ತೊಟ್ಟಿಕ್ಕುತ್ತಿತ್ತು. ಕುಕ್ಕರು ಒಡೆದಿರಲಿಲ್ಲ, ಮುಚ್ಚಳದ ಸೇಫ್ಟಿ ವಾಲ್ವು ಹಾರಿತ್ತು. ವೈನಿಯ ಒಂದು ಮುಂಗೈ ಕೆಂಪಾಗಿ ಉಬ್ಬುತ್ತಿತ್ತು. ಅವರು ಅದನ್ನು ನೋಡದೆ, ಕಸಬರಿಗೆಯಿಂದ ಒಂದು ಕಡ್ಡಿ ಮುರಿದು, ಸೀಟಿ ಕೂರುವ ನಳಿಗೆಯ ತೂತಿಗೆ ಚುಚ್ಚುತ್ತಿದ್ದರು. ಬಿಳಿಯ ಗಟ್ಟಿ ಪುಡಿ ಉದುರಿತು.

"ಮಾಸ್ತರ, ಇಲ್ಲಿ ನೋಡ್ರಿ. ನೋಡ್ರಿ ಇಲ್ಲೆ." ಮುಚ್ಚಳವನ್ನು ನನ್ನ ಕಡೆ ಚಾಚಿದರು. "ಸಾಸಿವಿ ಕಾಳು ಹಿಡಸೂವಷ್ಟು ತೂತು. ಇದರಾಗ ನನ್ನ ನೌಕರಿ ಸಿಕ್ಕೊಂಡ ಕುಂತೈತಿ."

ವಿಭೂತಿ ಒಣಗಿ ಕಲ್ಲಾಗಿತ್ತು. ಹೀಗೆ ನಾನು ಹೇಳುವಾಗ ನನ್ನನ್ನೇ ನಿಲ್ಲಿಸಿ ಕೇಳಬೇಕು: ಅದು ವಿಭೂತಿಯೇ ಆಗಿತ್ತೇ? ಹಿಂದಿನ ದಿನದ ಗಂಜಿ ಒಣಗಿದರೂ ಹಾಗೆಯೇ ಬೆಳ್ಳಗೆ ಕಾಣುತ್ತದೆ. ದೇವರು ದಿಂಡರು ನಂಬದ ನನ್ನಂಥವನಿಗೆ ವಿಭೂತಿಯೇ ಆಗಿರಲಿ ಎನ್ನುವ ಆಸೆ ಒಳಗೆ ಇದ್ದಿರಲಾರದೇ? ಅಂದು ಮಾತ್ರ ನನಗೆ ಯಾವ ಅನುಮಾನವೂ ಇರಲಿಲ್ಲ.

ಸಾವಕಾರರು ಪೂಜೆ ಅರ್ಧಕ್ಕೆ ಬಿಟ್ಟು ಏಳಲಿಲ್ಲ. ಪೂರ್ತಿ ಮುಗಿಸಿ, ಲಿಂಗ ಕಟ್ಟಿಕೊಂಡು ಬಂದರು. ಅಷ್ಟು ಹೊತ್ತು ಎಲ್ಲರೂ ಬೇಳೆ ತೊಟ್ಟಿಕ್ಕುವ ಮನೆಯಲ್ಲಿ ನಿಂತೇ ಇದ್ದೆವು. ವೈನಿ ಕಡ್ಡಿಯ ತುದಿಯನ್ನು ಮಾವನಿಗೆ ತೋರಿಸಿದರು.

"ಮಾವಾರ, ಕುಕ್ಕರಿಂದೇನೂ ತಪ್ಪಿಲ್ರಿ. ತೂತಿನ್ಯಾಗ ವಿಭೂತಿ ಹೋಗಿ ಕುಂತಿತ್ತು."

"ವಿಭೂತಿ?"

"ಹೌದ್ರಿ. ಆಯಿ ನಿನ್ನಿ ಹಚ್ಯಾರಲ್ರಿ."

"ಅಂದ್ರ, ವಿಭೂತಿ ಹಚ್ಚಿದ್ದಕ್ಕ ಈ ಅನಾಹುತ ಆತು ಅಂತೀ?"

ವೈನಿ ನನ್ನ ಕಡೆ ತಿರುಗಿದರು. ನಾನು ಮುಂದೆ ಬಂದು ಹೇಳಿದೆ: ನಳಿಗೆ ಕಟ್ಟಿದರೆ ಉಗಿಗೆ ದಾರಿ ಇರುವುದಿಲ್ಲ, ಅದಕ್ಕೆ ವಾಲ್ವು ಹಾರಿತು, ಹಾರಿದ್ದರಿಂದಲೇ ಎಲ್ಲರೂ ಉಳಿದೆವು, ಹೊಸ ವಾಲ್ವು ಹಾಕಿದರೆ ಮೊದಲಿನಂತೆಯೇ ಆಗುತ್ತದೆ. ಸಾವಕಾರರು ಕೊನೆಯವರೆಗೆ ಕೇಳಿದರು. ಆಮೇಲೆ ನನ್ನ ಹಣೆ ನೋಡಿದರು.

"ಮಾಸ್ತರ, ನೀವು ಓದಿದವ್ರು, ಖರೇ. ಆದ್ರ ಹಣಿಗೆ ಒಂದ ಎಳಿ ವಿಭೂತಿ ಹಚ್ಚಂಗಿಲ್ಲ, ಕೊಳ್ಳಾಗ ಲಿಂಗ ಇಲ್ಲ. ವಿಭೂತಿ ವಿಷಯದಾಗ ನೀವು ಸಾಕ್ಷಿ ಹೇಳಿದ್ರ ಹ್ಯಾಂಗ?"

ಆಯಿ ಅಷ್ಟು ಹೊತ್ತೂ ತಮ್ಮ ಬಲಗೈಯ ಮೂರು ಬೆರಳು ನೋಡಿಕೊಳ್ಳುತ್ತಿದ್ದರು. "ನಾ ಹಚ್ಚಿದ್ದು ಖರೇ," ಎಂದರು ಮೆಲ್ಲಗೆ. "ಆದ್ರ ವಿಭೂತಿ ಯಾರಿಗೂ ಕೇಡ ಮಾಡಂಗಿಲ್ಲವಾ. ಆ ಭಾಂಡೇನ ಅದನ್ನ ತಾಳಲಿಲ್ಲ."

ಆ ಮನೆಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ. ಇದ್ದಿದ್ದರೆ ಸಲೀಸಾಗುತ್ತಿತ್ತು. ಜಗಳವಾಡಬಹುದಿತ್ತು, ಕಾಲು ಹಿಡಿಯಬಹುದಿತ್ತು. ನಡೆದದ್ದನ್ನು ನಡೆದ ಹಾಗೆ ಹೇಳಿದರೆ ಅದು ವಿಭೂತಿಯ ಮೇಲಿನ ದೂರಾಗುತ್ತಿತ್ತು. ಹೇಳದಿದ್ದರೆ ಕುಕ್ಕರಿನ ಮೇಲೆ ಬರುತ್ತಿತ್ತು. "ಆ ಭಾಂಡಿ ಇನ್ನ ಒಲಿ ಏರೂದು ಬ್ಯಾಡ," ಎಂದು ಸಾವಕಾರರು ಅಂಗಡಿಗೆ ಹೋದರು. ಮಕ್ಕಳಿರುವ ಮನೆ ಎಂದು ಉಳಿದ ಸೊಸೆಯಂದಿರೂ ಅಂದರು. ಅದನ್ನು ತಪ್ಪೆಂದು ಹೇಗೆ ಹೇಳುವುದು?

ಮುಂಗೈಗೆ ಬಟ್ಟೆ ಸುತ್ತಿಕೊಂಡೇ ವೈನಿ ಖಡೇಬಜಾರಕ್ಕೆ ಹೋಗಿ ಹೊಸ ವಾಲ್ವು ಹಾಕಿಸಿ ತಂದರು. ನೀರಷ್ಟೇ ಇಟ್ಟು ಅಂಗಳದಲ್ಲಿ ಎಲ್ಲರೆದುರು ಹಚ್ಚಿ ತೋರಿಸುತ್ತೇನೆ, ನಾನೊಬ್ಬಳೇ ಪಕ್ಕದಲ್ಲಿ ನಿಲ್ಲುತ್ತೇನೆ ಎಂದರು. "ಮಾವಾರ, ಒಂದ ಸಲ ನೋಡ್ರಿ. ಒಂದ ಸಲ ನಿಂತು ನೋಡ್ರಿ." ಸಾವಕಾರರು ನಿಲ್ಲಲಿಲ್ಲ. ಸ್ಟೋವನ್ನು ನನ್ನ ಖೋಲಿಯಲ್ಲಿಟ್ಟು ಅಲ್ಲಿಯೇ ಬೇಯಿಸಿ ಒಯ್ಯಿರಿ ಎಂದು ನಾನು ಹೇಳಿದೆ. "ಲಿಂಗ ಇಲ್ಲದಾವ್ರ ಖೋಲ್ಯಾಗ ಬೇಯಿಸಿದ್ದನ್ನ ಅವರು ಎಡಿ ಹಿಡೀತಾರೇನ್ರಿ? ನಿಮಗೂ ಇದ್ದ ಖೋಲಿ ಹೋಗತೈತಿ," ಎಂದರು ವೈನಿ. ನಗಲು ನೋಡಿದರು, ಆಗಲಿಲ್ಲ.

ಆಯಿ ತಮ್ಮಿಂದಾದದ್ದು ಮಾಡಿದರು. ನಸುಕಿನಲ್ಲೇ ಎದ್ದು ಒಲೆ ಹೊತ್ತಿಸಿಕೊಡುತ್ತಿದ್ದರು, ಮುಪ್ಪಿನ ಕಣ್ಣಿಗೆ ಹೊಗೆ ತುಂಬಿಸಿಕೊಂಡು ಊದುತ್ತಿದ್ದರು. ಬೆಳಗಾವಿಯ ಮಳೆಗೆ ಕಟ್ಟಿಗೆ ಒಣಗಲಿಲ್ಲ, ಗಡಸು ನೀರಿನಲ್ಲಿ ಬೇಳೆ ಕರಗಲಿಲ್ಲ. ವೈನಿ ಮತ್ತೆ ಓಡತೊಡಗಿದರು. ನಾನು ಬೀದಿಯಲ್ಲಿ ನಿಂತು ನೋಡುತ್ತಿದ್ದೆ. ಕೆಲವು ದಿನ ರೈಲು ಸಿಗುತ್ತಿತ್ತು, ಕೆಲವು ದಿನ ತಿರುವಿನಿಂದಲೇ ಹಿಂದಕ್ಕೆ ಬರುತ್ತಿದ್ದರು. ಬಂದವರು ನೇರ ಬಸ್ ಸ್ಟ್ಯಾಂಡಿಗೆ ಹೋಗಿ ಬಸ್ಸಿಗೆ ಕಾದು, ಮೊದಲ ತಾಸು ಮುಗಿದ ಮೇಲೆ ಶಾಲೆ ಮುಟ್ಟುತ್ತಿದ್ದರು. ದಸರೆಯ ಹೊತ್ತಿಗೆ ಹಿರಿಯ ಅಕ್ಕೋರು ಕರೆದು, ಊರಲ್ಲೇ ಇರುವ ಇನ್ನೊಬ್ಬರು ಸಿಕ್ಕಿದ್ದಾರೆ ಎಂದರಂತೆ. ಬೇಸರ ಮಾಡಿಕೊಳ್ಳಬೇಡ ಎಂದೂ ಅಂದರಂತೆ.

ಅದರ ಮರುದಿನ ಬೆಳಿಗ್ಗೆ ನಾನು ನೀರಿಗೆ ಹೋದಾಗ ವೈನಿ ಒಲೆಯ ಮುಂದಿದ್ದರು. ಆಯಿ ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಭಕ್ಕರಿ ಬಡಿಯುವ ಸದ್ದು ಎಂದಿನ ಬಿರುಸಿನಲ್ಲೇ ಬರುತ್ತಿತ್ತು.

"ಇನ್ನ ಎಲ್ಲಿಗ ಹೋಗೂದೈತಿ ನಮ್ಮವ್ವಾ," ಎಂದರು ಆಯಿ. ಚುಚ್ಚುವ ಮಾತಲ್ಲ ಅದು, ದನಿಯಲ್ಲಿ ಮಮತೆಯೇ ಇತ್ತು. "ಸಾವಕಾಶ ಬಡಿ."

"ಹೂಂನ್ರಿ," ಎಂದರು ವೈನಿ.

ಒಂದು ಭಕ್ಕರಿಯನ್ನು ನಿಧಾನ ಬಡಿಯಲು ನೋಡಿದರು. ಅಂಗೈ ಮೇಲೆತ್ತಿ ತಡೆದರು, ಇಳಿಸಿದರು, ಮತ್ತೆ ತಡೆದರು. ಹಿಟ್ಟಿನ ಅಂಚು ಬಿರಿಯಿತು. ಅದನ್ನು ಮುದ್ದೆ ಮಾಡಿ ಮತ್ತೆ ಹಿಡಿದರು. ಎರಡು ಬಡಿತ ನಿಧಾನವಾಗಿ ಬಂದವು, ಮೂರನೆಯದರಿಂದ ಕೈ ತನ್ನ ಹಳೆಯ ಬಿರುಸಿಗೆ ಹೋಯಿತು. ನಾನು ಕೊಡ ತುಂಬಿಕೊಂಡು ತಿರುಗುವಷ್ಟರಲ್ಲಿ ವೈನಿ ಒಲೆ ನಂದಿಸಿ, ಕೈ ತೊಳೆದು, ಸೆರಗಿಗೆ ಒರೆಸಿಕೊಳ್ಳುತ್ತ, ರೈಲಿಗೆ ಹೊರಟವರ ಹಾಗೆ ಬಾಗಿಲಿಗೆ ಬಂದು ನಿಂತಿದ್ದರು. ಸಾವಕಾರರು ಇನ್ನೂ ಪೂಜೆಗೆ ಕೂತಿರಲಿಲ್ಲ. ಮಕ್ಕಳು ಎದ್ದಿರಲಿಲ್ಲ. ಬುಟ್ಟಿ ತುಂಬಿತ್ತು, ಆ ಮನೆಯಲ್ಲಿ ಯಾರಿಗೂ ಇನ್ನೂ ಹಸಿವಾಗಿರಲಿಲ್ಲ.